ಕೊಂಬು ತೊಳೆದ ಮೂರನೆಯ ಕೈ

ಹರಿಹರದ ಸೇತುವೆ

ಪರದೇಶಕ್ಕೆ ಹೋಗಬೇಕಾದರೆ ಹಡಗು ಹತ್ತಲೇಬೇಕೆಂದು ತಿಳಿದವರು ಹರಿಹರದ ಸೇತುವೆ ದಾಟಿರಲಿಕ್ಕಿಲ್ಲ. ಸೇತುವೆಯ ಈಚೆಗೆ ನಮ್ಮ ಮಹಾರಾಜರ ಸೀಮೆ, ಆಚೆಗೆ ಮುಂಬಯಿ ಸರ್ಕಾರದ್ದು. ನಡುವೆ ಹರಿಯುವ ತುಂಗಭದ್ರೆಗೆ ಈ ಭೇದ ಗೊತ್ತಿರಲಿಲ್ಲ. ನನಗೆ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು. ಕಾಫಿ ನಿಂತು ಚಹಾ ಬಂತು. ಅನ್ನ ನಿಂತು ರೊಟ್ಟಿ ಬಂತು. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಕನ್ನಡವೇ ಎದುರು ಸೀಟಿನವರ ಬಾಯಲ್ಲಿ ಅರ್ಧ ತಿಳಿದು ಅರ್ಧ ತಿಳಿಯದ ಹಾಗಾಯಿತು.

ಗದಗಿನಲ್ಲಿ ಗಾಡಿ ಬದಲಿಸಿದ ಮೇಲೆ ನನ್ನೆದುರು ಒಬ್ಬ ಅಜ್ಜಿ ಬಂದು ಕೂತಳು. ನಮ್ಮ ಕಡೆ ರೈಲಿನಲ್ಲಿ ಪಕ್ಕದವರ ಊರು ಕೇಳಲು ಅರ್ಧ ದಾರಿ ಬೇಕು. ಈಕೆ ತಲೆಯ ಮೇಲಿನ ಗಂಟು ಇಳಿಸುವ ಮೊದಲೇ ನನ್ನ ಊರು, ಉದ್ಯೋಗ, ಮಕ್ಕಳು ಎಲ್ಲವನ್ನೂ ಕೇಳಿ ಮುಗಿಸಿದಳು.

"ಇಷ್ಟು ಮೆತ್ತಗ ಯಾಕ ಮಾತಾಡ್ತೀಯೋ ತಮ್ಮಾ? ಮೈಯಾಗ ಆರಾಮಿಲ್ಲೇನು?"

"ಆರಾಮಾಗಿದ್ದೀನಮ್ಮ. ನಮ್ಮ ಕಡೆ ಮಾತೇ ಹೀಗೆ."

"ಅಯ್ಯ ಶಿವನ! ಊರಿಗೆ ಊರೇ ಹಂಗೇನು?" ಎಂದು ಮರುಗಿ, ಗಂಟು ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಉದುರಿಸಿ ಕೈಗಿಟ್ಟಳು. "ತಿನ್ನು. ಧ್ವನಿ ಬರ್ತೈತಿ."

ತಿಂದೆ. ಧ್ವನಿ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅಷ್ಟು ಖಾರ.

ಇನ್ನು ನಾನು ಹೊರಟ ಕಾರಣ. ನಾನು ಮೈಸೂರಿನ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟರು. ಸಂಜೆ ಗೆಳೆಯರ ಜೊತೆ ಇಸ್ಪೀಟು ಆಡುತ್ತೇನೆ. ಆಟಕ್ಕಿಂತ ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವುದರಲ್ಲಿ ನನಗೆ ಹೆಚ್ಚು ರುಚಿ. ಎಲೆಯ ಮೂಲೆಗೆ ಉಗುರಿನ ಗುರುತು ಹಾಕುವವರು, ಕಿವಿ ಕೆರೆದುಕೊಂಡು ಜೊತೆಗಾರನಿಗೆ ಸುದ್ದಿ ಮುಟ್ಟಿಸುವವರು, ಇವರೆಲ್ಲ ನನ್ನನ್ನು ಕಂಡರೆ ಕೈ ಮಡಿಚಿ ಕೂರುತ್ತಾರೆ. ಈ ಜಂಬವನ್ನು ವಿಜಾಪುರದ ಶಿವಲಿಂಗಪ್ಪನವರ ಮುಂದೆ ಕೊಚ್ಚಿಕೊಂಡದ್ದೇ ಪ್ರಯಾಣಕ್ಕೆ ಮೂಲವಾಯಿತು. ಅವರು ಅರಿವೆ ವ್ಯಾಪಾರಿ. ಸೀರೆ ಕೊಳ್ಳಲು ವರ್ಷಕ್ಕೊಮ್ಮೆ ಮೈಸೂರಿಗೆ ಬರುವವರು.

"ಇಸ್ಪೀಟ ಎಲಿ ಹಿಡದು ಮೀಸಿ ತಿರುವಬ್ಯಾಡ್ರಿ ಮಾಸ್ತರ," ಎಂದರು. "ನಮ್ಮ ಕಡೆ ಟಗರಿನ ಕಾಳಗಕ್ಕ ಬರ್ರಿ. ಅಲ್ಲಿ ಮೋಸ ಹಿಡದ್ರ ನೀವು ಖರೇ ಪತ್ತೇದಾರ್ರು."

ಬೇಸಿಗೆ ರಜಾ ಬಂದ ಕೂಡಲೆ ಹೊರಟೆ. ಯುದ್ಧದ ಕಾಲ, ರೈಲಿನ ತುಂಬ ಸಿಪಾಯಿಗಳು. ಟಗರಿನ ಕಾಳಗ ನೋಡಲು ಹೊರಟವನು ನಾನೊಬ್ಬನೇ ಇರಬೇಕು.

ವಿಜಾಪುರ

ಶಿವಲಿಂಗಪ್ಪನವರ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಕೆಳಗೆ ಅಂಗಡಿ, ಮೇಲೆ ಸಂಸಾರ. ಗೋಳಗುಮ್ಮಟ ನೋಡಿದೆ, ಕತ್ತು ನೋಯಿಸಿಕೊಂಡೆ. ಅದರ ವಿಷಯ ಬಲ್ಲವರು ಬರೆದಿದ್ದಾರೆ. ನಾನು ಬಂದದ್ದು ಕಳ್ಳಾಟ ನೋಡಲು, ಆದ್ದರಿಂದ ಅಂಗಡಿಯ ಗಾದಿಯ ಮೇಲೆ ಕೂತು ಪಾಠ ಕೇಳಿದೆ.

"ಮೊದಲ ಟಗರಿಗೆ ಸೆರೆ ಕುಡಸ್ತಿದ್ರು," ಎಂದು ಶಿವಲಿಂಗಪ್ಪನವರು ಶುರು ಮಾಡಿದರು. "ಡಿಕ್ಕಿ ಹೊಡದ್ರ ನೋವು ಗೊತ್ತಾಗಬಾರದು ಅಂತ. ಪಂಚರು ಬಾಯಿ ಮೂಸಿ ನೋಡಾಕ ಹತ್ತಿದ್ರು."

"ಅಲ್ಲಿಗೆ ನಿಂತಿತೋ?"

"ಎಲ್ಲಿ ನಿಲ್ತೈತ್ರಿ? ಸೆರೆ ಕುಡಿಸಿ ಮ್ಯಾಲ ಉಳ್ಳಾಗಡ್ಡಿ ತಿನಿಸಿದ್ರು!"

ಆಮೇಲೆ ಕೊಂಬಿಗೆ ತೋಳದ ಕೊಬ್ಬು ಸವರುವ ಉಪಾಯ ಬಂತಂತೆ. ಎದುರಿನ ಟಗರು ಎಷ್ಟೇ ಗಂಡುಗಲಿಯಾಗಿರಲಿ, ತೋಳದ ವಾಸನೆ ಮೂಗಿಗೆ ಬಡಿದರೆ ಬೆನ್ನು ತಿರುಗಿಸುತ್ತದೆ. ಅದಕ್ಕೆ ಪಂಚರು ಕಾಳಗಕ್ಕೆ ಮೊದಲು ಕೊಂಬನ್ನು ಸೀಗೆಕಾಯಿ ಹಾಕಿ ತೊಳೆಯಬೇಕೆಂದರು. ಟಗರಿನವರೇ ತೊಳೆದರೆ ಮೇಲೆ ಮೇಲೆ ನೀರು ಹಾಕುತ್ತಾರೆ. ಎದುರಿನವರು ತೊಳೆದರೆ ಕಣ್ಣಿಗೆ ಸೀಗೆಪುಡಿ ಹಾಕುತ್ತಾರೆ. ಕೊನೆಗೆ ಎರಡೂ ಊರಿನ ನಂಟಿಲ್ಲದ ಒಬ್ಬ ಪರಸ್ಥಳದವನನ್ನು ಹಿಡಿದು ತಂದು, ಎರಡೂ ಟಗರನ್ನು ಅವನ ಕೈಯಿಂದಲೇ ತೊಳೆಸುವ ರಿವಾಜು ಬಂತು. ಅವನಿಗೆ ಮೂರನೆಯ ಕೈ ಎಂದು ಹೆಸರು. ಅವನು ತನ್ನ ಅಂಗಿಯಲ್ಲಿ ಏನಾದರೂ ಬಚ್ಚಿಟ್ಟು ತಂದಾನೆಂದು, ಅಂಗಿ ಬಿಚ್ಚಿಸಿ ಕಾಳಗ ನಡೆಸುವ ಊರಿನವರೇ ಒಂದು ಹೊಸ ಕಂಬಳಿ ಹೊದಿಸುತ್ತಾರೆ.

ನನಗೆ ಇದು ಬಹಳ ಹಿಡಿಸಿತು. ಒಂದೊಂದು ರಿವಾಜಿನ ಹಿಂದೆಯೂ ಒಬ್ಬೊಬ್ಬ ಕಳ್ಳ ನಿಂತಿದ್ದಾನೆ. ಅವನಿಲ್ಲದಿದ್ದರೆ ರಿವಾಜೇ ಹುಟ್ಟುತ್ತಿರಲಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಗಾದೆ ನಮ್ಮಲ್ಲಿದೆಯಲ್ಲ, ಇಲ್ಲಿ ಪಂಚರೂ ಕಳ್ಳರೂ ಎಷ್ಟೋ ಕಾಲದಿಂದ ಅದನ್ನೇ ನಡೆಸಿಕೊಂಡು ಬಂದಿದ್ದರು.

ಅಷ್ಟರಲ್ಲಿ ಬಬಲೇಶ್ವರದ ಕಡೆಯ ರಾಚಪ್ಪ ಸಾಹುಕಾರರು ಅಂಗಡಿಗೆ ಬಂದರು. ಬಿಳಿ ರುಮಾಲು, ಮೆಲುಮಾತು, ಬಾಯಿ ಬಿಟ್ಟರೆ "ದೇವರು" ಎನ್ನುವ ಮನುಷ್ಯ. ಬರುವ ಕಾಳಗದಲ್ಲಿ ಒಂದು ಟಗರು ಅವರದೇ ಎಂದು ಶಿವಲಿಂಗಪ್ಪನವರು ಹೇಳಿದರು. ನಾನು ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದೆ. ಸಾಹುಕಾರರು ಅದನ್ನೇ ನೋಡುತ್ತಿದ್ದರು.

"ತಪಕೀರ ಏರಿಸೂದು ಭಾಳ ವರ್ಷದ ಚಟ ಏನ್ರಿ ಮಾಸ್ತರ?"

"ಬಹಳ ವರ್ಷದ್ದು. ಮೂಗು ಈಗ ಮುಖದ ಅಂದಕ್ಕೆ ಮಾತ್ರ ಉಳಿದಿದೆ. ಮನೆಯಲ್ಲಿ ಹಾಲು ಸೀದು ಕರಕಲಾದರೂ ನನಗೆ ತಿಳಿಯುವುದಿಲ್ಲ."

ಸಾಹುಕಾರರು ಬಾಯ್ತುಂಬ ನಕ್ಕರು. ನಕ್ಕು, "ನಮ್ಮ ಪುಣ್ಯಾಕ್ಕ ಪರಸ್ಥಳದವರು ಬಂದೀರಿ. ಈ ಸಲ ಮೂರನೇ ಕೈ ನೀವ ಆಗಬೇಕ್ರಿ, ದೇವರು," ಎಂದು ಎರಡೂ ಕೈ ಜೋಡಿಸಿದರು.

ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ನೋಡಲು ಬಂದವನಿಗೆ ಕಣದ ನಡುವೆಯೇ ಜಾಗ ಸಿಕ್ಕಿತ್ತು. ಪಕ್ಕದಲ್ಲಿ ಶಿವಲಿಂಗಪ್ಪನವರೂ ನನ್ನಷ್ಟೇ ಹಿಗ್ಗಿದರು, ಪಾಪ.

ತಿಕೋಟಾ ದಾರಿ

ಕಾಳಗ ಬಬಲೇಶ್ವರದಲ್ಲಿ; ಹಿಂದಿನ ರಾತ್ರಿ ತಿಕೋಟಾದ ಅಕ್ಕನ ಮನೆಯಲ್ಲಿ ತಂಗೋಣವೆಂದು ಶಿವಲಿಂಗಪ್ಪನವರು ನನ್ನನ್ನು ಕರೆದುಕೊಂಡು ಹೊರಟರು. ಪೆಟ್ರೋಲಿಗೆ ಬರ ಬಂದಿದ್ದರಿಂದ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಹಿಂದೆ ಒಂದು ದೊಡ್ಡ ಒಲೆ. ಅದನ್ನು ಕೆದಕಲು ಒಬ್ಬ ಆಳು. ನಮ್ಮಲ್ಲೂ ಇಂಥ ಬಸ್ಸುಗಳಿದ್ದವು, ಆದರೆ ನಮ್ಮಲ್ಲಿ ಬಸ್ಸು ನಿಂತರೆ ಜನ ಒಳಗೇ ಕೂತು ಕಂಡಕ್ಟರನಿಗೆ ಬೈಯುತ್ತಾರೆ. ಇಲ್ಲಿ ಎಲ್ಲರೂ ಇಳಿದು, ಬೈಯುತ್ತಲೇ ತಳ್ಳಿದರು. ನಾನು ಡ್ರಿಲ್ ಮೇಷ್ಟರ ಅಭ್ಯಾಸದಿಂದ "ಒಂದು, ಎರಡು" ಎಂದು ಎಣಿಸಿ ತಳ್ಳಿಸಲು ಹೋದೆ.

"ಎಣಸೂದು ಬಿಟ್ಟು ನೂಕ್ರಿ!" ಎಂದ ಪಕ್ಕದಲ್ಲಿದ್ದ ರೈತ.

ನೂಕಿದೆ. ಬಸ್ಸು ಒಮ್ಮೆಲೆ ಹೊರಟು ಒಂದು ಹೊಲದಷ್ಟು ದೂರ ಹೋಗಿ ನಿಂತಿತು. ಓಡಿ ಹತ್ತುವಷ್ಟರಲ್ಲಿ ನನ್ನ ಜರಿಪೇಟದ ಮೇಲೆ ಇದ್ದಲು ಬೂದಿ ಬಿದ್ದು, ತಿಕೋಟಾದಲ್ಲಿ ಇಳಿದಾಗ ಶಿವಲಿಂಗಪ್ಪನವರ ಅಕ್ಕ ಶಾಂತವ್ವನವರು ನನ್ನನ್ನು ಬಸ್ಸಿನ ಒಲೆಯವನೆಂದೇ ತಿಳಿದರು.

ತಿಕೋಟಾ

ಶಾಂತವ್ವನವರ ಅಂಗಳದಲ್ಲಿ ಒಂದು ಕೆಂಪು ಟಗರು ಕಟ್ಟಿತ್ತು. ಎರಡು ಸುತ್ತು ಸುತ್ತಿದ ಕೊಂಬು, ಅಗಲವಾದ ಹಣೆ. ಅದರ ಪಕ್ಕದಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಹೆಸರು ನೀಲವ್ವ, ಬಿಜ್ಜರಗಿಯವಳು. ಮರುದಿನ ರಾಚಪ್ಪ ಸಾಹುಕಾರರ ಟಗರಿಗೆ ಎದುರು ನಿಲ್ಲುವುದು ಇವಳ ಕೆಂಚನೇ ಎಂದು ಶಾಂತವ್ವನವರು ಹೇಳಿದರು. ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ರಾತ್ರಿ ತಂಗಲು ಅವಳು ಇಲ್ಲಿ ಇಳಿದಿದ್ದಳು.

ನನ್ನ ತಟ್ಟೆಯಲ್ಲಿದ್ದ ರೊಟ್ಟಿಯ ಚೂರನ್ನು ಚಾಚಿದೆ. ಕೆಂಚ ಬಂದು ಅಂಗೈಯಿಂದಲೇ ತಿಂದು, ಇನ್ನೂ ಬೇಕೆಂದು ಮೊಣಕಾಲಿಗೆ ಹಣೆ ಒತ್ತಿತು. ಕಾದಾಡುವ ಪ್ರಾಣಿ ಇಷ್ಟು ಸಾಧುವೇ ಎಂದು ಆಶ್ಚರ್ಯವಾಯಿತು.

"ಟಗರು ನಿಮ್ಮದೇನಮ್ಮ?"

"ನಂದಲ್ರಿ. ಮನಿಯವರ್ದು."

"ಅವರ ಹೆಸರು?"

ಅವಳು ತಲೆ ತಗ್ಗಿಸಿದಳು. ಶಾಂತವ್ವನವರು ಒಳಗಿನಿಂದಲೇ ಗದರಿದರು: "ಮಾಸ್ತರ, ಹೆಣಮಕ್ಕಳಿಗೆ ಗಂಡನ ಹೆಸರು ಕೇಳ್ತಾರೇನ್ರಿ? ನಿಮ್ಮ ಮೈಸೂರಾಗ ಹೇಳ್ತಾರೇನು?"

ನಮ್ಮಲ್ಲೂ ಹೇಳುವುದಿಲ್ಲ. ಹಾಜರಿ ಕೂಗುವವನ ಬಾಯಿಚಪಲದಿಂದ ಕೇಳಿಬಿಟ್ಟಿದ್ದೆ, ನಾಚಿಕೆಯಾಯಿತು.

ನೀಲವ್ವ ಟಗರಿಗೆ ನೀರು ಕುಡಿಸಲು ಬಾವಿಗೆ ಹೋದಾಗ ಶಾಂತವ್ವನವರು ಉಳಿದದ್ದನ್ನು ಹೇಳಿದರು. ಅವಳ ಗಂಡ ಭೀಮಪ್ಪ ಲಡಾಯಿಗೆ ಹೋಗಿದ್ದಾನೆ, ಸಮುದ್ರದಾಚೆ. ಹೋಗುವಾಗ ಕೆಂಚ ಇನ್ನೂ ಹಾಲು ಬಿಡದ ಮರಿ. ಬಹಳ ದಿನದಿಂದ ಅವನ ಸುದ್ದಿಯಿಲ್ಲ. ಸತ್ತನೆಂದೂ ಇಲ್ಲ, ಇದ್ದಾನೆಂದೂ ಇಲ್ಲ.

"ಮೊದಮೊದಲ ಮಂದಿ ಕೇಳ್ತಿದ್ರು, ಭೀಮಪ್ಪನ ಸುದ್ದಿ ಏನು ಅಂತ. ಈಗ ಅಕಿ ಬಂದ್ರ ಮಾತ ಬದಲಿಸ್ತಾರ. ಊರಾಗ ಯಾರೂ ಅವನ ಹೆಸರ ಎತ್ತೂದಿಲ್ಲ. ಅಕಿ ಅಂತೂ ಬಾಯಿಲೆ ಹೇಳೂ ಹಂಗಿಲ್ಲ. ಹಿಂಗಾಗಿ ಆ ಹೆಸರ ಅಕಿ ಕಿವಿಗೆ ಬಿದ್ದು ಯಾವ ಕಾಲ ಆತೋ."

ನೀಲವ್ವ ಬಾವಿಯಿಂದ ಬಂದಳು. ಇಷ್ಟು ದೂರ ಟಗರನ್ನು ನಡೆಸಿಕೊಂಡು ಯಾಕೆ ಬಂದೆ ಎಂದು ಕೇಳಿದೆ. ಈ ಸಲ ಅವಳು ನೇರವಾಗಿ ಉತ್ತರ ಕೊಟ್ಟಳು.

"ಗೆದ್ದರ ಮೂರನೇ ಕೈ ಕಣದಾಗ ನಿಂತು ಕೇಳ್ತೈತ್ರಿ, ಟಗರು ಯಾರದು ಅಂತ. ಕೂಡಿದ ಮಂದಿ ಎಲ್ಲಾ ಯಜಮಾನನ ಹೆಸರ ಕೂಗಿ ಹೇಳ್ತಾರ. ಅದಕ್ಕ ಬಂದೀನ್ರಿ."

"ಸೋತರೆ?"

"ಕಾದಿ ಸೋತ್ರ ಮತ್ತ ಬರಬಹುದು. ಬೆನ್ನು ತಿರುಗಿಸಿ ಓಡಿತಂದ್ರ ಮುಗೀತು. ಓಡಿದ ಟಗರಿನ ಯಜಮಾನನ ಹೆಸರು ಆ ಕಣದಾಗ ಮತ್ತ ಎಂದೂ ಕೂಗೂದಿಲ್ಲ." ಕೆಂಚನ ಕತ್ತಿನ ಮೇಲೆ ಕೈಯಾಡಿಸಿದಳು. "ಇದು ಓಡೂದಿಲ್ಲ ಬಿಡ್ರಿ."

ಆ ಮೂರನೆಯ ಕೈ ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ಧೈರ್ಯವಾಗಲಿಲ್ಲ, ಎರಡೂ ಕಡೆಗೆ ಸಮನಾಗಿರಬೇಕಾದವನು ಆಗಲೇ ಒಂದು ಕಡೆಗೆ ವಾಲಿಬಿಟ್ಟಿದ್ದೆ.

ಬಬಲೇಶ್ವರ

ಬೆಳಿಗ್ಗೆ ಕಾಳಗ ನಡೆಸುವ ಊರಿನ ಪರವಾಗಿ ಸಾಹುಕಾರರ ಆಳು ಒಂದು ಚಕ್ಕಡಿಯನ್ನೂ ಹೊಸ ಕಂಬಳಿಯನ್ನೂ ತಂದ. ರಿವಾಜಿನಂತೆ ಅಂಗಿ ಬಿಚ್ಚಿ ಕಂಬಳಿ ಹೊದ್ದೆ. ಬಿಸಿಲಿಗೆ ಮೈ ಚುರುಚುರು ಎನ್ನುತ್ತಿದ್ದರೂ ಗೌರವದ ಮುಂದೆ ಅದೇನು ದೊಡ್ಡದಲ್ಲ. ಎತ್ತುಗಳು ನನ್ನನ್ನು ಹತ್ತಿಸಿಕೊಳ್ಳಲು ಬಹಳ ಸತಾಯಿಸಿದವು. ದಾರಿಯುದ್ದಕ್ಕೂ ನಾಯಿಗಳು ಬೊಗಳಿದವು. ಬಬಲೇಶ್ವರದ ಓಣಿಯಲ್ಲಿ ಇಳಿದು ನಡೆದರೆ, ಗೋಡೆಯ ನೆರಳಲ್ಲಿ ಮಲಗಿದ್ದ ಆಡುಗಳು ದಡಬಡಿಸಿ ಎದ್ದು ದಾರಿ ಬಿಟ್ಟವು.

"ಇವಕ್ಕೆ ಮೈಸೂರು ಪೇಟ ಹೊಸದು," ಎಂದೆ ಶಿವಲಿಂಗಪ್ಪನವರಿಗೆ, ಸ್ವಲ್ಪ ಹೆಮ್ಮೆಯಿಂದಲೇ.

ಊರ ಹೊರಗಿನ ಬಯಲಲ್ಲಿ ಜನ ದುಂಡಗೆ ನೆರೆದಿದ್ದರು. ಪಂಚರು ಬೇವಿನ ಮರದ ಕೆಳಗೆ ಕೂತಿದ್ದರು. ಹೆಂಗಸರು ಕಣಕ್ಕೆ ಇಳಿಯುವ ವಾಡಿಕೆಯಿಲ್ಲ. ಮನೆಯಲ್ಲಿ ಗಂಡಸರಿಲ್ಲವೆಂದು ನೀಲವ್ವನಿಗೆ ಹಗ್ಗ ಹಿಡಿಯಲು ಬಿಟ್ಟಿದ್ದರು. ಅವಳು ನನ್ನನ್ನು ಕಂಬಳಿಯಲ್ಲಿ ನೋಡಿ ಬೆರಗಾದಳು.

ಮೊದಲು ಸಾಹುಕಾರರ ಟಗರು. ಸೀಗೆಕಾಯಿ ನೀರು ಹಾಕಿ ಕೊಂಬಿನ ಬುಡದವರೆಗೂ ಉಜ್ಜಿದೆ, ಕಂಬಳಿಯ ಅಂಚಿನಿಂದಲೇ ಒರೆಸಿದೆ. ಅದು ನನ್ನ ಕೈಯಲ್ಲಿ ಕಲ್ಲಿನ ಬಸವಣ್ಣನ ಹಾಗೆ ನಿಂತಿತ್ತು. ಎಷ್ಟು ಒಳ್ಳೆಯ ಶಿಸ್ತು ಎಂದುಕೊಂಡೆ.

ಆಮೇಲೆ ತಂಬಿಗೆ ಹಿಡಿದು ಕೆಂಚನ ಕಡೆಗೆ ಹೋದೆ. ಕೆಂಚ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ ಹಾಕಿದೆ. ಅದರ ಕಾಲು ನಡುಗಿತು, ಮೂಗಿನಲ್ಲಿ ಬುಸುಗುಟ್ಟಿತು.

"ಕಾಳಗಕ್ಕ ಮೊದಲ ಓಡಾಕತ್ತೈತಲೇ!" ಎಂದು ಯಾರೋ ಕೂಗಿದರು. ಜನ ನಕ್ಕರು.

"ಬೆನ್ನು ತಿರುಗಿಸಿದ್ರ ಓಡಿದ ಲೆಕ್ಕ, ತಂಗಿ," ಎಂದರು ಪಂಚರ ಹಿರಿಯರು ಮರದ ಕೆಳಗಿನಿಂದ. ಅವರ ಧ್ವನಿಯಲ್ಲಿ ಕನಿಕರವಿತ್ತು, ಆದರೆ ಮಾತು ಮಾತೇ.

ನೀಲವ್ವ ಕೆಂಚನ ಕತ್ತನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ನಿಂತಳು. "ಮಾಸ್ತರ, ನಿನ್ನಿ ನಿಮ್ಮ ಕೈಯಾಗಿನ ರೊಟ್ಟಿ ತಿಂದಿತ್ತಲ್ರಿ ಇದು. ಇವತ್ತ ಯಾಕ್ರಿ ಹಿಂಗ?"

ನಾನು ನಿಂತಲ್ಲೇ ನಿಂತೆ. ನಿನ್ನೆಗೂ ಇವತ್ತಿಗೂ ನನ್ನಲ್ಲಿ ಏನು ಬದಲಾಗಿದೆ? ಪೇಟ ನಿನ್ನೆಯೂ ಇತ್ತು. ಕಂಬಳಿಯನ್ನು ತೆಗೆದು ನೆಲಕ್ಕೆ ಹಾಕಿ, ಕೈಯನ್ನು ಮಣ್ಣಿನಲ್ಲಿ ಚೆನ್ನಾಗಿ ಉಜ್ಜಿ, ಬರಿಮೈಯಲ್ಲಿ ಮುಂದೆ ಹೋದೆ. ಕೆಂಚ ಅನುಮಾನದಿಂದ ಮೂಸಿ, ನಡುಗುವುದನ್ನು ನಿಲ್ಲಿಸಿತು. ಮತ್ತೆ ಕಂಬಳಿ ಎತ್ತಿಕೊಂಡೆ. ಹಿಂದೆ ಸರಿಯಿತು. ಜನರ ನಗು ಅಡಗಿತು.

ಕಂಬಳಿಯನ್ನು ಪಂಚರ ಹಿರಿಯರ ಬಳಿ ಒಯ್ದೆ. ಅವರು ಒದ್ದೆಯಾದ ಅಂಚನ್ನು ಮೂಗಿಗೆ ಹಿಡಿದು ತಟ್ಟನೆ ದೂರ ಮಾಡಿದರು.

"ತೋಳ. ತೋಳದ ತೊಗಲಿನಾಗ ಸುತ್ತಿಟ್ಟಾರ ಇದನ್ನ."

ಎಲ್ಲರ ಕಣ್ಣೂ ನನ್ನ ಮೇಲೆ. ಶಿವಲಿಂಗಪ್ಪನವರು ನನ್ನ ಕಿವಿಯಲ್ಲಿ, "ನಿಮ್ಮ ತಪಕೀರ್ರೀ ಮಾಸ್ತರ! ಅದಕ್ಕ ನಿಮ್ಮನ್ನ ಆರಿಸ್ಯಾರ!" ಎಂದರು. ನನಗೆ ಮೈಯೆಲ್ಲ ಉರಿಯಿತು. ಮೋಸ ಹಿಡಿಯುತ್ತೇನೆಂದು ಮೈಸೂರಿನಿಂದ ಬಂದವನು ಮೋಸವನ್ನು ಹೆಗಲ ಮೇಲೆ ಹೊತ್ತುಕೊಂಡು ಊರೆಲ್ಲ ಮೆರೆದಿದ್ದೆ.

ರಾಚಪ್ಪ ಸಾಹುಕಾರರು ಸ್ವಲ್ಪವೂ ಗಾಬರಿಯಾಗಲಿಲ್ಲ. "ಕಂಬಳಿ ಎಲ್ಲಿಂದ ಬಂತೋ, ಯಾರು ಏನ ಮಾಡಿದರೋ, ದೇವರಿಗೆ ಗೊತ್ತು," ಎಂದರು. "ಆದ್ರ ಎರಡೂ ಟಗರಿಗೆ ಒಂದ ಕೈ, ಒಂದ ಕಂಬಳಿ. ನನ್ನ ಟಗರಿನ ಕೊಂಬಿಗೂ ಅದ ಹತ್ತೈತಿ. ಇದರಾಗ ಭೇದ ಎಲ್ಲೈತ್ರಿ ಪಂಚರ?"

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಹೌದೆಂದು ತಲೆಯಾಡಿಸಿದರು. ಸಿಟ್ಟಿನ ನಡುವೆಯೂ ನನಗೆ ಆ ಮನುಷ್ಯನ ಬುದ್ಧಿ ಕಂಡು ಬೆರಗಾಯಿತು. ಇಸ್ಪೀಟಿನ ಕಳ್ಳ ತನ್ನ ಕೈಯಲ್ಲಿ ಹೆಚ್ಚಿನ ಎಲೆ ಇಟ್ಟುಕೊಳ್ಳುತ್ತಾನೆ, ಅದಕ್ಕೇ ಸಿಕ್ಕಿಬೀಳುತ್ತಾನೆ. ಈತ ಇಬ್ಬರಿಗೂ ಒಂದೇ ಎಲೆ ಹಂಚಿದ್ದ.

ಆದರೆ ಒಂದು ಸಂಗತಿ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಬಯಲಿನ ಅಂಚಿನಲ್ಲಿ ಯಾರದೋ ಕುರಿಹಿಂಡು ಮೇಯುತ್ತಿತ್ತು. ಕಂಬಳಿ ಹಿಡಿದು ಆ ಕಡೆಗೆ ನಡೆದೆ. ಹಿಂಡು ಚದುರಿ ಹಳ್ಳದ ಆಚೆಗೆ ಓಡಿತು, ಕುರುಬ ನನ್ನ ಹಿರಿಯರನ್ನೆಲ್ಲ ನೆನೆದು ಬೈದ. ತಿರುಗಿ ಬಂದು ಕಂಬಳಿಯನ್ನು ಸಾಹುಕಾರರ ಟಗರಿನ ಮುಂದೆ ಹರಡಿದೆ. ಅದು ಮೂಸಿತು. ತವರುಮನೆಯ ಸೀರೆ ಸಿಕ್ಕವಳ ಹಾಗೆ ಅದಕ್ಕೆ ಗಲ್ಲ ಒತ್ತಿ, ಅಂಚನ್ನು ನಿಧಾನವಾಗಿ ಜಗಿಯತೊಡಗಿತು.

"ಪಂಚರೆ," ಎಂದೆ, "ಎತ್ತು ಬೆದರಿತು, ನಾಯಿ ಬೊಗಳಿತು, ಆಡು ಎದ್ದು ಓಡಿತು, ಕುರಿಹಿಂಡು ಹಳ್ಳ ದಾಟಿತು. ಇದೊಂದಕ್ಕೆ ಯಾಕೆ ಹೆದರಿಕೆಯಿಲ್ಲ? ಎಷ್ಟು ದಿನದಿಂದ ಆ ತೊಗಲಿನ ಪಕ್ಕದಲ್ಲೇ ಇದನ್ನು ಕಟ್ಟಿ ಮೇಯಿಸಿದ್ದಾರೆ, ಕೇಳಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಮ್ಮ ಕಡೆಯ ಕಳ್ಳ. ಇಲ್ಲಿ ಹೆಗಲು ಮುಟ್ಟಿಕೊಳ್ಳದೆ ನಿಂತದ್ದೇ ಸಾಕ್ಷಿಯಾಯಿತು. ಜನ ಹೋ ಎಂದರು. ಹಿರಿಯರು ಎದ್ದು ನಿಂತು, ಎರಡೂ ಟಗರನ್ನು ಬೇರೆ ನೀರಿನಿಂದ ಮತ್ತೆ ತೊಳೆದು ಕಾಳಗಕ್ಕೆ ಬಿಡಿರೆಂದರು. ಸಾಹುಕಾರರು ರುಮಾಲು ಸರಿಪಡಿಸಿಕೊಂಡು ಟಗರಿನ ಕಿವಿ ಮುಟ್ಟಿ ನೋಡಿದರು.

"ಇದಕ್ಕ ಮೈ ಬಿಸಿ ಆಗೇತಿ. ಜ್ವರ ಬಂದ ಪ್ರಾಣೀನ ಕಾದಸೂದು ಪಾಪ, ದೇವರು," ಎಂದು ಹಗ್ಗ ಹಿಡಿದು, ಅವಸರವಿಲ್ಲದೆ, ಟಗರಿನ ಜೊತೆ ಹೊರಟೇ ಹೋದರು. ಕೊನೆಯವರೆಗೂ ಸಿಕ್ಕಿಬಿದ್ದೆನೆಂದು ಒಪ್ಪಲಿಲ್ಲ.

ನನ್ನ ಬೆನ್ನು ತಟ್ಟಿದವರಿಗೆ ಲೆಕ್ಕವಿಲ್ಲ. ಶಿವಲಿಂಗಪ್ಪನವರು ಎಲ್ಲರಿಗೂ "ನಮ್ಮ ಮನಿ ಮಂದಿ, ಮೈಸೂರವರು" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಕಂಬಳಿಯನ್ನು ಸುಡುವುದೋ ಹೂಳುವುದೋ ಎಂದು ವಾದ ನಡೆಯಿತು. ಈ ಗದ್ದಲದಲ್ಲಿ ನೀಲವ್ವ ಒಂದು ಬದಿಗೆ ನಿಂತು ಹಗ್ಗ ಸುತ್ತಿಕೊಳ್ಳುತ್ತಿದ್ದಳು. ಕೆಂಚ ಓಡಿರಲಿಲ್ಲ, ಆದರೆ ಕಾದಿರಲೂ ಇಲ್ಲ. ಮೋಸ ಬಯಲಾಯಿತೆಂದು ಎಲ್ಲರೂ ಸಂತೋಷವಾಗಿದ್ದರು. ಅವಳು ಬಂದ ಕೆಲಸ ಮಾತ್ರ ಹಾಗೇ ಉಳಿದಿತ್ತು.

ಕಣದ ನಡುವೆ ಹೋಗಿ ನಿಂತು, ಡ್ರಿಲ್ ಕಲಿಸುವ ಧ್ವನಿಯಲ್ಲಿ ಕೂಗಿದೆ: "ಟಗರು ಯಾರದು?"

ಗದ್ದಲ ನಿಂತಿತು. ಹಿರಿಯರು ಕೈಯೆತ್ತಿದರು. "ಮಾಸ್ತರ, ಕಾಳಗ ಆಗದ ಹೆಸರ ಕೂಗೂ ರಿವಾಜ ನಮ್ಮಲ್ಲಿಲ್ರಿ."

"ನಮ್ಮ ಮೈಸೂರಿನಲ್ಲಿದೆ," ಎಂದೆ. "ಎದುರಿನವರು ಕಣ ಬಿಟ್ಟು ಹೋದರೆ ನಿಂತವರ ಹೆಸರು ಕೂಗುತ್ತೇವೆ." ಮೈಸೂರಿನಲ್ಲಿ ನಾನು ಎಂದೂ ಟಗರಿನ ಕಾಳಗ ನೋಡಿದವನಲ್ಲ. ಶಿವಲಿಂಗಪ್ಪನವರು ನನ್ನ ಮುಖ ನೋಡಿದರು, ಆಮೇಲೆ ಆಕಾಶ ನೋಡಿದರು.

ಹಿರಿಯರು ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು. ಸುಳ್ಳೆಂದು ಅವರಿಗೆ ಗೊತ್ತಾಗಿರಲೇಬೇಕು. "ಹಂಗಾದ್ರ ಕೇಳ್ರಿ," ಎಂದು ಕೂತರು.

"ಟಗರು ಯಾರದು?"

ಯಾರೂ ಬಾಯಿ ಬಿಡಲಿಲ್ಲ. ಹೆಸರು ಗೊತ್ತಿಲ್ಲದೆ ಅಲ್ಲ. ಬಿಜ್ಜರಗಿಯಿಂದ ಬಂದವರೇ ಅಲ್ಲಿ ಹತ್ತಾರು ಜನರಿದ್ದರು. ಅವರೆಲ್ಲ ಕಾಲ ಕೆಳಗಿನ ಮಣ್ಣು ನೋಡುತ್ತ ನಿಂತರು. ಬದುಕಿದ್ದಾನೋ ಇಲ್ಲವೋ ತಿಳಿಯದವನ ಹೆಸರನ್ನು ಅವನ ಹೆಂಡತಿಯ ಎದುರು ಮೊದಲು ಯಾರು ಕೂಗಬೇಕು? ನಾನೇ ಕೂಗಿಬಿಡಲೇ ಎನ್ನಿಸಿತು. ಆದರೆ ಕೇಳುವವನೇ ಉತ್ತರ ಹೇಳಿದರೆ ಅದು ಕೂಗಾಗುವುದಿಲ್ಲ.

"ಟಗರು ಯಾರದು?" ಎಂದೆ ಇನ್ನೊಮ್ಮೆ.

"ಭೀಮಪ್ಪಂದು."

ಹೇಳಿದವಳು ನೀಲವ್ವ. ಮೆಲ್ಲಗೆ ಹೇಳಿದಳು, ಆದರೆ ಆ ಮೌನದಲ್ಲಿ ಬೇವಿನ ಮರದವರೆಗೂ ಕೇಳಿಸಿತು. ಗಂಡನ ಹೆಸರನ್ನು ಹೆಂಡತಿ ಅಷ್ಟು ಜನರ ನಡುವೆ ಆಡಿದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಕ್ಕಿಲ್ಲ. ಒಬ್ಬ ಮುದುಕ ರುಮಾಲು ತೆಗೆದು ಕಣ್ಣೊರೆಸಿಕೊಂಡ. ಬಿಜ್ಜರಗಿಯವರ ಗುಂಪಿನಲ್ಲಿ ಒಬ್ಬ, "ಭೀಮಪ್ಪಂದು," ಎಂದ. ಪಕ್ಕದವನು ಇನ್ನೂ ಗಟ್ಟಿಯಾಗಿ ಹೇಳಿದ. ಆಮೇಲೆ ಬಯಲೇ ಕೂಗಿತು. "ಭೀಮಪ್ಪಂದು! ಭೀಮಪ್ಪಂದು!" ಕೂಗು ಹಳ್ಳದ ಆಚೆಗೂ ಹೋಗಿ, ಕುರುಬ ಅಲ್ಲಿಂದಲೇ ಏನಾಯಿತೆಂದು ಕೈ ಮಾಡಿ ಕೇಳಿದ.

ಕೂಗು ನಿಂತ ಮೇಲೆ ನೀಲವ್ವನ ಹತ್ತಿರ ಹೋದೆ. ಅವಳು ಕೆಂಚನ ಕೊಂಬಿನ ಮೇಲೆ ಕೈಯಿಟ್ಟು ನಿಂತಿದ್ದಳು, ಕೆನ್ನೆ ಒದ್ದೆಯಾಗಿತ್ತು. "ಸಾಕೇನಮ್ಮ?" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಮ್ಮಿ ಕೇಳ್ರಿ, ಮಾಸ್ತರ."

ಕಣದ ನಡುವೆ ಹೋಗಿ ಇನ್ನೊಮ್ಮೆ ಕೇಳಿದೆ.